ಕುಂಬಾರರ ಬೀದಿಯ ಕಥೆ

ಹಳೇಬೀಡಿಗೆ ತಗುಲಿದ ಶಾಪದ ಕಥೆಯನ್ನು ತಾವು ಕೇಳಿರಬಹುದು. ಬಲ್ಲಾಳನ ತಂಗಿ ತನ್ನಿಬ್ಬರು ಮಕ್ಕಳೊಡನೆ ದೋರಸಮುದ್ರಕ್ಕೆ ಬಂದಳಂತೆ. ರಾಣಿಯ ಸುಳ್ಳು ದೂರನ್ನು ನಂಬಿ ಅರಸನು ಆ ಮಕ್ಕಳನ್ನು ಕೊಲ್ಲಿಸಿದನಂತೆ. ಅಳುತ್ತ ಅಲೆದ ತಾಯಿಗೆ ನೀರು ಕೊಟ್ಟವರು ಕುಂಬಾರರು ಮಾತ್ರ. ಅವರ ಬೀದಿಯೊಂದುಳಿದು ಮಿಕ್ಕ ಊರೆಲ್ಲ ಹಾಳಾಗಲೆಂದು ಅವಳು ಶಪಿಸಿದಳು.

ಇಲ್ಲಿ ಇಂಥ ಕಥೆಯನ್ನು ನಂಬುವುದು ಸುಲಭ. ಹೊಯ್ಸಳೇಶ್ವರನ ಗುಡಿಯ ಬಳಿಯೇ, ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣವಿತ್ತ ಕುವರ ಲಕ್ಷ್ಮನ ಕಂಬವಿದೆ. ಅದರ ಮೇಲೆ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರಿದ್ದಾರೆ.

ಚರಿತ್ರೆಯೂ ಮಗನೊಬ್ಬನನ್ನು ಕಳೆದುಕೊಂಡ ತಂದೆಯನ್ನು ಬಲ್ಲದು. 1311ರಲ್ಲಿ ಮಲಿಕ್ ಕಾಫೂರನು ದಂಡೆತ್ತಿ ಬಂದಾಗ ಮುಮ್ಮಡಿ ಬಲ್ಲಾಳನು ಶರಣಾಗಿ, ಕುಮಾರ ವಿರೂಪಾಕ್ಷನನ್ನು ದೆಹಲಿಗೆ ಕಳುಹಬೇಕಾಯಿತು. ಎರಡು ವರ್ಷ ಅರಮನೆ ಹೇಗೆ ಕಾದಿತೋ! 1313ರಲ್ಲಿ ಅವನು ಮರಳಿದುದನ್ನು ಶಿವಮೊಗ್ಗ ಸೀಮೆಯ ಶಾಸನವೊಂದು ಸಾರುತ್ತದೆ.

ಶಾಸನಕ್ಕೆ ನೆನಪಿರುವ ಈ ಮರಳುವಿಕೆಯನ್ನು ಕಥೆಯೇಕೆ ಮರೆಯಿತು? 1327ರ ಸುಮಾರಿಗೆ ದೆಹಲಿಯ ದಂಡು ಮತ್ತೆ ಬಂದಿತು. ಅರಸನು ತಿರುವಣ್ಣಾಮಲೆಯತ್ತ ನಡೆದನು. ಪರಿವಾರವೂ ಕವಿಗಳೂ ಶಾಸನ ಬರೆಯುವವರೂ ಅರಸನಿದ್ದಲ್ಲಿಗೇ ಹೋಗುವವರು. ಪಾಳೂರಿನಲ್ಲಿ ಉಳಿದವರು ಕುಂಬಾರರಂಥ ಬಡವರು. ಕಥೆಯನ್ನು ಕಟ್ಟಿದವರೂ ಅವರೇ ಇರಬೇಕೆಂದು ನನಗೆ ತೋರುತ್ತದೆ.