ಆ ಮೀನನ್ನು ಹಿಡಿದವರು ಯಾರು?

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುದನ್ನು ದಾಖಲಿಸಿದ್ದಾನೆ. ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನೂ ಬಣ್ಣಿಸಿದ್ದಾನೆ. ಅನ್ನ, ತುಪ್ಪ, ಉಪ್ಪಿನಕಾಯಿ, ಕೋಳಿ, ಬಗೆಬಗೆಯ ಮೀನು, ಕೊನೆಗೆ ಮೊಸರು. ಆದರೆ ಆ ಮೀನನ್ನು ಹಿಡಿದು ತಂದವರು ಯಾರೆಂದು ಬರೆದಿಲ್ಲ.

ಇದು ಅವನೊಬ್ಬನ ಮರೆವಲ್ಲ. ಕರಾವಳಿಯ ಮುಸ್ಲಿಮರ ಇತಿಹಾಸವೆಂದರೆ ಅರಬರ ಕುದುರೆ, ಕರಿಮೆಣಸು, ವರ್ತಕರ ಹಡಗು ಎಂದೇ ನಾವು ಓದುತ್ತಾ ಬಂದಿದ್ದೇವೆ. ಭಟ್ಕಳ, ಹೊನ್ನಾವರ ಮೊದಲಾದ ಕಡೆ ದಾಲ್ದಿ ಅಥವಾ ದಾಲ್ಜಿ ಎಂದು ಕರೆಯಲ್ಪಡುವ ಮುಸ್ಲಿಮ್ ಮೀನುಗಾರರಿದ್ದಾರೆ. ಅವರ ಮನೆಮಾತು ಕೊಂಕಣಿಯ ಒಂದು ಪ್ರಭೇದ. ಖಾರ್ವಿ, ಹರಿಕಂತ್ರ, ಅಂಬಿಗ, ಮೊಗವೀರರಂತೆ ಅವರೂ ಇದೇ ಕಡಲನ್ನು ನಂಬಿ ಬದುಕಿದವರು. ಆದರೆ ನಮ್ಮ ಚರಿತ್ರೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದೆರಡು ಸಾಲು ಮಾತ್ರ.

ಕಾರಣ ಸರಳ. ಲಕ್ಷ್ಮೇಶ್ವರದ ಬಳಿಯ ಅಡರಕಟ್ಟಿಯಂತಹ ಬಯಲುಸೀಮೆಯ ಊರಿನ ರೈತನಿಗೆ ಹೊಲವಿದೆ, ಹೊಲಕ್ಕೆ ಪಹಣಿಯಿದೆ. ಕಂದಾಯ ಕಟ್ಟಿದವನ ಹೆಸರು ಕಾಗದದಲ್ಲಿ ಉಳಿಯುತ್ತದೆ. ಕಡಲಿಗೆ ಪಹಣಿ ಇಲ್ಲ. ದೋಣಿ ಹಾದ ನೀರಿನ ಮೇಲೆ ಗುರುತು ಉಳಿಯುವುದಿಲ್ಲ.

ಎಂಜಿನ್ ಬರುವ ಮೊದಲು ಮೀನುಗಾರನ ದಿನವನ್ನು ಗಾಳಿಯೇ ನಿರ್ಧರಿಸುತ್ತಿತ್ತು. ಬೆಳಕು ಹರಿಯುವ ಮುನ್ನ ನೆಲದಿಂದ ಬೀಸುವ ಗಾಳಿ ದೋಣಿಯನ್ನು ಹೊರಗೆ ಒಯ್ಯುತ್ತಿತ್ತು. ಮಧ್ಯಾಹ್ನದ ಕಡಲಗಾಳಿ ದಡಕ್ಕೆ ತರುತ್ತಿತ್ತು. ನೀರಿನ ಬಣ್ಣ ನೋಡಿ, ಹಕ್ಕಿಗಳು ಎರಗುವ ಜಾಗ ನೋಡಿ ಬಂಗುಡೆಯ ಹಿಂಡು ಎಲ್ಲಿದೆಯೆಂದು ತಿಳಿಯಬೇಕಿತ್ತು. ಮರವನ್ನು ಕೊರೆದು ಮಾಡಿದ ಪಾತಿ ದೋಣಿಯಲ್ಲಿ ಒಬ್ಬಿಬ್ಬರು ಹೋದರೆ, ರಂಪಣಿ ಬಲೆಗೆ ಇಡೀ ಕೇರಿಯೇ ಬೇಕಿತ್ತು. ದೋಣಿ ಮೀನಿನ ಹಿಂಡನ್ನು ಅರ್ಧ ವೃತ್ತದಲ್ಲಿ ಸುತ್ತಿ ಬಲೆ ಬಿಡುತ್ತಿತ್ತು. ದಡದಲ್ಲಿ ಹತ್ತಾರು ಜನ ಎರಡೂ ತುದಿಗಳನ್ನು ಹಿಡಿದು ಎಳೆಯುತ್ತಿದ್ದರು. ಸಿಕ್ಕಿದ್ದರಲ್ಲಿ ದೋಣಿಗೆ, ಬಲೆಗೆ, ದುಡಿದವರಿಗೆ ಪಾಲು. ಬಲೆ ತುಂಬಿದರೆ ಎಲ್ಲರ ಮನೆಯಲ್ಲೂ ಅಡುಗೆ, ಬರಿದಾದರೆ ಎಲ್ಲರಿಗೂ ಉಪವಾಸ.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ಚೀಲದ ಬಾಯಿಯನ್ನು ದಾರದಿಂದ ಬಿಗಿಯುವಂತೆ ಈ ಬಲೆ ಮೀನಿನ ಹಿಂಡನ್ನು ಆಳದ ನೀರಿನಲ್ಲೇ ಮುಚ್ಚಿಬಿಡುತ್ತದೆ. ಬಂಗುಡೆ, ಬೂತಾಯಿ ದಡಕ್ಕೆ ಬರುವವರೆಗೆ ಕಾಯಬೇಕಾಗಿದ್ದ ರಂಪಣಿಯವರಿಗೆ ಕಾಯುವುದೊಂದೇ ಉಳಿಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಈಗ ಅಲ್ಲಲ್ಲಿ ಕಾಣುವುದು ಸಣ್ಣ ಕೈರಂಪಣಿ ಮಾತ್ರ. ದೇಶಕ್ಕೆ ಮೀನು ಹೆಚ್ಚು ಸಿಕ್ಕಿತು, ನಿಜ. ಆದರೆ ಹಿಂದೆ ದಡದಲ್ಲಿ ಹಂಚಿಕೆಯಾಗುತ್ತಿದ್ದುದು ಈಗ ಬಂಡವಾಳ ಹೂಡಿದವನ ಲೆಕ್ಕದ ಪುಸ್ತಕ ಸೇರಿತು.

ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನ, ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ. ವರ್ಷದಲ್ಲಿ ಕಡಲು ಸಣ್ಣವರ ಪಾಲಿಗೆ ಸಿಗುವ ಕಾಲವೇ ಅದು ಅತ್ಯಂತ ಒರಟಾಗಿರುವ ಕಾಲ!

ಅರಮನೆ, ಮಸೀದಿ, ಬಂದರುಗಳ ಇತಿಹಾಸ ಬರೆದವರಿದ್ದಾರೆ. ದೋಣಿಯ ಇತಿಹಾಸ ಇನ್ನೂ ಹಿರಿಯರ ನಾಲಗೆಯ ಮೇಲಿದೆ. ರಂಪಣಿ ಎಳೆದ ಕೈಗಳಿಗೆ ಈಗ ವಯಸ್ಸಾಗಿದೆ. ಬಲೆ, ಗಾಳಿ, ಪಾಲು ಹಂಚಿಕೆಯ ಲೆಕ್ಕಗಳನ್ನು ಅವರ ಮಾತಿನಲ್ಲೇ ಬರೆದಿಡುವ ಕೆಲಸವನ್ನು ಆಯಾ ಊರಿನ ಜಮಾಅತ್‌ಗಳು, ಮೀನುಗಾರರ ಸಂಘಗಳು, ಕಾಲೇಜುಗಳು ಒಟ್ಟಾಗಿ ಮಾಡಬಹುದು. ಇಬ್ನ್ ಬತೂತ ಬಿಟ್ಟುಹೋದ ಆ ಒಂದು ಸಾಲನ್ನು ತುಂಬಬೇಕಾದವರು ನಾವೇ.