ಅರ ಹಾಕಬೇಕಾ, ಬೇಡ್ವಾ? ಸೋಲ್ಡರಿಂಗ್ ಐರನ್ ತುದಿಯ ಕಥೆ

ಭಾಗ 1/6: ಎರಡು ಉಪದೇಶ

ಸೋಲ್ಡರಿಂಗ್ ಐರನ್ ತುದಿ ಕಪ್ಪಾಗಿದೆ, ಸೋಲ್ಡರ್ ಹಿಡೀತಿಲ್ಲ, ಏನ್ ಮಾಡ್ಲಿ ಅಂತ ಇಬ್ಬರನ್ನ ಕೇಳಿ ನೋಡಿ. ಹಳೇ ಕಾಲದ ರೇಡಿಯೋ ರಿಪೇರಿಯವರು "ಅರ ತಗೊಂಡು ಉಜ್ಜಪ್ಪ, ಕೆಂಪು ತಾಮ್ರ ಕಾಣೋವರೆಗೆ" ಅಂತಾರೆ. ಅರ ಅಂದ್ರೆ ಲೋಹ ಉಜ್ಜೋ ಫೈಲ್. ಈಗ ಮೊಬೈಲ್ ಬೋರ್ಡ್ ರಿಪೇರಿ ಮಾಡೋ ಹುಡುಗರನ್ನ ಕೇಳಿದ್ರೆ "ಅರ ಮುಟ್ಟಿಸಿದ್ರೆ ತುದಿ ಸತ್ತೇ ಹೋಯ್ತು ಅಂದ್ಕೊಳ್ಳಿ" ಅಂತಾರೆ.

ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ? ಯಾರೂ ಅಲ್ಲ. ಇಬ್ಬರೂ ತಮ್ಮ ತಮ್ಮ ಕೈಯಲ್ಲಿದ್ದ ವಸ್ತುವಿನ ಬಗ್ಗೆ ನಿಜಾನೇ ಹೇಳಿದ್ದಾರೆ. ನಡುವೆ ವಸ್ತು ಬದಲಾಯ್ತು, ಹೆಸರು ಮಾತ್ರ ಹಾಗೇ ಉಳೀತು. ಈ ಸರಣಿ ಆ ಬದಲಾವಣೆಯ ಕಥೆ. ಕೊನೇ ಭಾಗದಲ್ಲಿ ನಿಮ್ಮ ಹತ್ರ ಇರೋದು ಯಾವ ಜಾತಿ ತುದಿ ಅಂತ ಅರ್ಧ ನಿಮಿಷದಲ್ಲಿ ಪತ್ತೆ ಮಾಡೋದು ಹೇಗೆ ಅಂತಲೂ ಇದೆ.

ಭಾಗ 2/6: ಕಲಾಯಿ ಮತ್ತು ನವಸಾಗರ

ಬೆಸುಗೆ ಬಹಳ ಹಳೇ ವಿದ್ಯೆ. ಕ್ರಿ.ಶ. 77ರ ಸುಮಾರಿಗೆ ರೋಮಿನ ಪ್ಲಿನಿ ತನ್ನ 'ನ್ಯಾಚುರಲ್ ಹಿಸ್ಟರಿ'ಯಲ್ಲಿ ನೀರಿನ ಕೊಳವೆ ಬೆಸೆಯೋ ಮಿಶ್ರಣದ ಲೆಕ್ಕವನ್ನೇ ಕೊಟ್ಟಿದ್ದಾನೆ: ಎರಡು ಪಾಲು ಕರಿ ಸೀಸ, ಒಂದು ಪಾಲು ಬಿಳಿ ಸೀಸ. ಅವನ ಬಿಳಿ ಸೀಸ ಅಂದ್ರೆ ನಮ್ಮ ತವರ. ಎರಡು ಸಾವಿರ ವರ್ಷ ಆದ್ಮೇಲೂ ನಮ್ಮ ಅಂಗಡಿಗಳಲ್ಲಿ ಸಿಗೋ ಮಾಮೂಲಿ ಸೋಲ್ಡರ್ ತಂತಿ ತವರ ಮತ್ತು ಸೀಸವೇ. ಪಾಲು ಮಾತ್ರ ತಿರುಗಿದೆ: ತವರ 60, ಸೀಸ 40.

ಆದ್ರೆ ಕರಗಿದ ಲೋಹ ಇನ್ನೊಂದು ಲೋಹಕ್ಕೆ ಸುಮ್ನೆ ಅಂಟಲ್ಲ. ನಡುವೆ ಆಕ್ಸೈಡ್ ಪದರ ಇದ್ರೆ, ಎಣ್ಣೆ ಮೇಲೆ ಬಿದ್ದ ನೀರಿನ ಥರ ಹನಿಹನಿಯಾಗಿ ಉರುಳಿ ಹೋಗುತ್ತೆ. ಈ ಮಾತು ನಮ್ಮ ಊರುಗಳಿಗೆ ಹೊಸದೇನಲ್ಲ. ಕಲಾಯಿ ಹಾಕೋರನ್ನ ನೋಡಿದ್ದೀರಾ? ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ರೆ ಕಿಲುಬು ಬರುತ್ತೆ. ಅದಕ್ಕೇ ಒಳಗೆ ತವರದ ಪದರ ಬೇಕು. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ ಉಜ್ಜುತ್ತಾರೆ. ಬುಸ್ ಅಂತ ಬಿಳಿ ಹೊಗೆ ಏಳುತ್ತೆ. ಆಮೇಲೆ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಒಂದು ಸಲ ಒರೆಸಿದ್ರೆ ಇಡೀ ಪಾತ್ರೆ ಬೆಳ್ಳಿ ಬಣ್ಣ.

ಅಲ್ಲಿ ನಡೆಯೋದು ಇಷ್ಟು: ನವಸಾಗರ ಅಂದ್ರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಒಡೆದು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿ ಆಗುತ್ತೆ. ಆಮ್ಲ ಆಕ್ಸೈಡನ್ನ ತಿಂದು ಹಾಕುತ್ತೆ, ಶುದ್ಧ ತಾಮ್ರ ಸಿಕ್ಕಿದ ಕೂಡ್ಲೇ ತವರ ಹಿಡಿಯುತ್ತೆ. ತವರ ಕರಗೋಕೆ 232 ಡಿಗ್ರಿ ಸೆಲ್ಸಿಯಸ್ ಸಾಕು.

ಈ ಕಲಾಯಿ ಮತ್ತು ನವಸಾಗರವನ್ನ ನೆನಪಿಟ್ಕೊಳ್ಳಿ. ಸೋಲ್ಡರಿಂಗ್ ಐರನ್ ತುದಿಯ ಇಡೀ ಇತಿಹಾಸ ಇದರ ಸುತ್ತಲೇ ಇದೆ.

ಭಾಗ 3/6: ಹೆಸರು ಐರನ್, ಒಳಗೆ ತಾಮ್ರ

ಕರೆಂಟ್ ಬರೋಕೆ ಮುಂಚೆ ಸೋಲ್ಡರಿಂಗ್ ಐರನ್ ಅಂದ್ರೆ ಕಬ್ಬಿಣದ ಕಡ್ಡಿ, ಅದಕ್ಕೆ ಮರದ ಹಿಡಿ, ಮುಂದೆ ದಪ್ಪನೆಯ ತಾಮ್ರದ ಗಡ್ಡೆ. ತಾಮ್ರ ಯಾಕೆ? ಶಾಖ ಸಾಗಿಸೋದ್ರಲ್ಲಿ ಅದು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಮುಂದೆ. ಇದ್ದಿಲಿನ ಒಲೆಯಲ್ಲೋ ಬ್ಲೋ ಲ್ಯಾಂಪಿನ ಉರಿಯಲ್ಲೋ ಕಾಯಿಸೋದು, ತಣ್ಣಗಾಗೋವರೆಗೆ ಕೆಲಸ ಮಾಡೋದು, ಮತ್ತೆ ಒಲೆಗೆ ಇಡೋದು. ಥರ್ಮಾಮೀಟರ್ ಇರ್ಲಿಲ್ಲ. ತಾಮ್ರದ ಸುತ್ತ ಉರಿ ಹಸಿರು ಬಣ್ಣಕ್ಕೆ ತಿರುಗಿದ್ರೆ ಕಾದಿದೆ ಅಂತ ಅರ್ಥ.

ಆ ಕಾಲದ ನಿರ್ವಹಣೆಯ ಕ್ರಮ ಹೀಗಿತ್ತು. ಮೊದಲು ಅರ ಹಾಕಿ ನಾಲ್ಕೂ ಮುಖ ಹೊಳೆಯೋ ಹಾಗೆ ಉಜ್ಜೋದು. ಕಾಯಿಸೋದು. ನವಸಾಗರದ ಗಟ್ಟಿ ಮೇಲೆ ಸ್ವಲ್ಪ ಸೋಲ್ಡರ್ ಜೊತೆ ತಿಕ್ಕೋದು. ಬಿಳಿ ಹೊಗೆ ಎದ್ದು ತುದಿ ಬೆಳ್ಳಿಯಾಗುತ್ತೆ. ಹೌದು, ಪಕ್ಕಾ ಕಲಾಯಿಯೇ! ಪಾತ್ರೆ ಬದಲು ತುದಿಗೆ, ಅಷ್ಟೇ ವ್ಯತ್ಯಾಸ.

ಒಲೆಯಲ್ಲಿ ಮರೆತು ಕೆಂಪಗೆ ಕಾಯಿಸಿಬಿಟ್ರೆ ಈ ಪದರ ಸುಟ್ಟು ಒರಟಾದ ಹೊಪ್ಪಳೆ ಏಳ್ತಿತ್ತು. ಆಗ ಮತ್ತೆ ಅರ, ಮತ್ತೆ ನವಸಾಗರ. ಇದರಿಂದ ನಷ್ಟ ಏನೂ ಇರ್ಲಿಲ್ಲ, ಯಾಕಂದ್ರೆ ಒಳಗೂ ತಾಮ್ರವೇ. ಉಜ್ಜಿದಷ್ಟೂ ಹೊಸ ತುದಿ. "ಅರ ಹಾಕು" ಅನ್ನೋ ಉಪದೇಶ ಹುಟ್ಟಿದ್ದು ಇಲ್ಲಿ.

ಭಾಗ 4/6: ಕರೆಂಟ್ ಬಂತು, ಜೊತೆಗೆ ಹಸಿವೂ ಬಂತು

1890ರ ದಶಕದಲ್ಲಿ ಅಮೆರಿಕದಲ್ಲಿ ಕರೆಂಟಿನ ಐರನ್‌ಗಳು ಬಂದವು. 1921ರಲ್ಲಿ ಬರ್ಲಿನ್‌ನಲ್ಲಿ ಎರ್ನ್‌ಸ್ಟ್ ಸಾಕ್ಸ್ ಎರ್ಸಾ ಕಂಪನಿ ಶುರು ಮಾಡಿದ. ಆಮೇಲೆ ರೇಡಿಯೋ ಯುಗ. ನಮ್ಮಲ್ಲೂ 1948ರಲ್ಲಿ ಬೆಂಗಳೂರಿನ ಐಟಿಐ, 1954ರಲ್ಲಿ ಬಿಇಎಲ್ ಬಂದ್ವು. ಟೆಲಿಫೋನ್, ರೇಡಿಯೋ ಉಪಕರಣ ಅಂದ್ರೆ ಲೆಕ್ಕ ಇಲ್ಲದಷ್ಟು ಸಣ್ಣ ಸಣ್ಣ ಬೆಸುಗೆಗಳು.

ಇಲ್ಲಿ ಮೂರು ಸಂಗತಿ ಬದಲಾದವು.

ಒಂದು, ನವಸಾಗರ ಹೊರಗೆ ಹೋಯ್ತು. ಅದರ ಕ್ಲೋರೈಡ್ ಅಂಶ ಉಳಿದ್ರೆ ತೇವ ಹೀರಿ ಸಣ್ಣ ತಂತಿಗಳನ್ನ ಕೊರೆದು ಹಾಕುತ್ತೆ. ಅದರ ಜಾಗಕ್ಕೆ ಪೈನ್ ಮರದ ರಾಳ, ಅಂದ್ರೆ ರೋಸಿನ್ ಬಂತು. ಸೋಲ್ಡರ್ ತಂತಿಯ ಹೊಟ್ಟೆಯೊಳಗೇ ಅದನ್ನ ತುಂಬಿಟ್ರು.

ಎರಡು, ತುದಿಗೆ ವಿಶ್ರಾಂತಿ ತಪ್ಪಿತು. ಬೆಳಿಗ್ಗೆ ಪ್ಲಗ್ ಹಾಕಿದ್ರೆ ಸಂಜೆವರೆಗೂ ಬಿಸಿ. ಬಿಸಿ ಇದ್ದಷ್ಟು ಹೊತ್ತೂ ಗಾಳಿಯ ಆಮ್ಲಜನಕ ತಾಮ್ರವನ್ನ ತಿನ್ನುತ್ತಲೇ ಇರುತ್ತೆ. ಕೊಳವೆಯೊಳಗೆ ಕೂತ ಭಾಗದಲ್ಲೂ ಹೊಪ್ಪಳೆ ಕಟ್ಟಿ, ತುದಿ ಹೊರಗೆ ಬರದ ಹಾಗೆ ಕಚ್ಚಿಕೊಳ್ತಿತ್ತು. ಅದಕ್ಕೇ ಆಗಾಗ ಸ್ಕ್ರೂ ಬಿಚ್ಚಿ, ತುದಿ ತೆಗೆದು, ಪುಡಿ ತಟ್ಟಿ ಹಾಕೋ ಅಭ್ಯಾಸ ಬಂತು.

ಮೂರನೇದು ಎಲ್ಲಕ್ಕಿಂತ ದೊಡ್ಡದು. ಕರಗಿದ ತವರ ತಾಮ್ರವನ್ನ ಕರಗಿಸಿಕೊಳ್ಳುತ್ತೆ, ಬಿಸಿ ಕಾಫಿಯಲ್ಲಿ ಸಕ್ಕರೆ ಕರಗೋ ಹಾಗೆ. ಒಂದೊಂದು ಬೆಸುಗೆಗೂ ತುದಿಯ ಒಂದು ಕಣ ಹೋಗುತ್ತೆ. ಕೆಲವೇ ದಿನದಲ್ಲಿ ಚೂಪಾದ ತುದಿಯಲ್ಲಿ ಗುಳಿ ಬೀಳುತ್ತೆ. ಮತ್ತೆ ಅರ, ಮತ್ತೆ ಗಿಡ್ಡ.

ಇದಕ್ಕೊಂದು ಮಜವಾದ ಪರಿಹಾರ ಬಂತು. ಬ್ರಿಟನ್‌ನ ಮಲ್ಟಿಕೋರ್ ಕಂಪನಿ ಸ್ಯಾವ್‌ಬಿಟ್ ಅನ್ನೋ ಸೋಲ್ಡರ್ ಮಾಡಿತು. ಅದರಲ್ಲಿ ಮೊದಲೇ 1.5% ತಾಮ್ರ ಬೆರೆಸಿರ್ತಿತ್ತು. ಊಟ ಮಾಡಿಕೊಂಡೇ ಬಂದ ನೆಂಟ ನಿಮ್ಮ ಮನೆಯಲ್ಲಿ ಎಷ್ಟು ತಿಂತಾನೆ? ಹಾಗೇ, ಹೊಟ್ಟೆಯಲ್ಲಿ ತಾಮ್ರ ಇರೋ ಸೋಲ್ಡರ್ ತುದಿಯನ್ನ ಕಮ್ಮಿ ತಿನ್ನುತ್ತೆ.

ಅಮೆರಿಕದ ರೇಡಿಯೋ ರಿಪೇರಿಗಾರ ಕಾರ್ಲ್ ವೆಲ್ಲರ್ ಬೇರೆ ದಾರಿ ಹಿಡಿದ. 1941ರಲ್ಲಿ ಅರ್ಜಿ ಹಾಕಿ 1946ರಲ್ಲಿ ಪೇಟೆಂಟ್ ಪಡೆದ ಅವನ ಸೋಲ್ಡರಿಂಗ್ ಗನ್‌ನಲ್ಲಿ ತುದಿ ಬರೀ ತಾಮ್ರದ ತಂತಿಯ ಬಳೆ. ಟ್ರಿಗರ್ ಒತ್ತಿದ್ರೆ ಕೆಲವೇ ಸೆಕೆಂಡಿನಲ್ಲಿ ಬಿಸಿ, ಬಿಟ್ರೆ ತಣ್ಣಗೆ. ಬೇಕಾದಾಗ ಮಾತ್ರ ಬಿಸಿ ಇದ್ರೆ ಸುಡೋದೂ ಕಮ್ಮಿ. ಸವೆದ್ರೆ ಬಳೆಯನ್ನೇ ಬದಲಾಯಿಸಿ.

ಭಾಗ 5/6: ಉಪದೇಶ ತಲೆಕೆಳಗಾದ ದಿನ

ಕೊನೆಗೆ ಗೆದ್ದ ಉಪಾಯ ಕಬ್ಬಿಣದ್ದು. ಕಬ್ಬಿಣವೂ ತವರದಲ್ಲಿ ಕರಗುತ್ತೆ, ಆದ್ರೆ ತಾಮ್ರಕ್ಕಿಂತ ಬಹಳ ನಿಧಾನ. ಹಾಗಾಗಿ ಒಳಗೆ ಶಾಖ ತರೋಕೆ ತಾಮ್ರ, ಅದರ ಮೇಲೆ ಕಬ್ಬಿಣದ ತೆಳು ಲೇಪ. ಹಿಂಭಾಗಕ್ಕೆ ಸೋಲ್ಡರ್ ಹತ್ತಬಾರದು ಅಂತ ಕ್ರೋಮಿಯಂ. ಕಬ್ಬಿಣದ ಆ ಲೇಪ ಒಂದು ಮಿಲಿಮೀಟರಿನಷ್ಟೂ ದಪ್ಪ ಇರಲ್ಲ.

ನಾನು ಬಿಕಾಂ ಓದ್ತಿರೋದು, ಆದ್ರಿಂದ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಹಳೇ ತುದಿ ಪೂರ್ತಿ ಬಂಡವಾಳ. ಅರ ಹಾಕಿದಾಗೆಲ್ಲ ಸ್ವಲ್ಪ ಸವಕಳಿ ಬರೀತೀರಿ, ಆದ್ರೆ ಕೊನೇ ಇಂಚಿನವರೆಗೂ ಅದು ದುಡಿಯುತ್ತೆ. ಹೊಸ ತುದಿಯ ಬೆಲೆಯೆಲ್ಲ ಮೇಲಿನ ಚರ್ಮದಲ್ಲಿದೆ. ಅರದ ನಾಲ್ಕು ಎಳೆತಕ್ಕೆ ಇಡೀ ಆಸ್ತಿ ಶೂನ್ಯ. ಲೇಪ ತೂತಾದ ಕಡೆ ತವರ ಒಳಗೆ ನುಗ್ಗಿ ತಾಮ್ರ ತಿಂದು, ತುದಿಯನ್ನ ಗೆದ್ದಲು ತಿಂದ ಮರದ ಹಾಗೆ ಟೊಳ್ಳು ಮಾಡುತ್ತೆ.

ಕಬ್ಬಿಣಕ್ಕೆ ಅದರದ್ದೇ ಕಾಯಿಲೆಯೂ ಇದೆ. ಬಿಸಿಯಲ್ಲಿ ಒಣಗಿಟ್ರೆ ಕಪ್ಪು ಆಕ್ಸೈಡ್ ಕಟ್ಟುತ್ತೆ, ಅದರ ಮೇಲೆ ಸೋಲ್ಡರ್ ಹಿಡಿಯೋದೇ ಇಲ್ಲ. ಬಿಸಿ ಹೆಚ್ಚಿದಷ್ಟೂ ಬೇಗ ಕಟ್ಟುತ್ತೆ. ಹಾಗಾಗಿ ಬಿಸಿಗೆ ಕಡಿವಾಣ ಬೇಕಾಯ್ತು. 1960ರ ದಶಕದಲ್ಲಿ ಬಳಕೆಗೆ ಬಂದ ವೆಲ್ಲರ್ ಮ್ಯಾಗ್ನಾಸ್ಟ್ಯಾಟ್ ಇದನ್ನ ಎಷ್ಟು ಸರಳವಾಗಿ ಮಾಡಿತ್ತು ಗೊತ್ತಾ? ತುದಿಯ ಹಿಂದೆ ಒಂದು ವಿಶೇಷ ಲೋಹದ ತುಂಡು. ನಿಗದಿತ ಬಿಸಿಗೆ ಅದು ಕಾಂತಕ್ಕೆ ಅಂಟೋ ಗುಣ ಕಳ್ಕೊಳ್ಳುತ್ತೆ, ಒಳಗಿನ ಕಾಂತ ಬಿಟ್ಟುಕೊಂಡು ಸ್ವಿಚ್ ಆಫ್. ತಣ್ಣಗಾದ್ರೆ ಮತ್ತೆ ಅಂಟಿ ಆನ್. ತುದಿಯ ಹಿಂದೆ 7 ಅಂತ ಮುದ್ರೆ ಇದ್ರೆ 700 ಫ್ಯಾರನ್‌ಹೀಟ್, ಅಂದ್ರೆ ಸುಮಾರು 370 ಸೆಲ್ಸಿಯಸ್. ಬಿಸಿ ಬದಲಾಯಿಸಬೇಕಾ? ತುದಿ ಬದಲಾಯಿಸಿ.

ಭಾಗ 6/6: ಸೀಸ ಹೋದ ಮೇಲೆ, ಮತ್ತು ನಿಮ್ಮ ಕೈಯಲ್ಲಿರೋ ತುದಿ

2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ಹೆಚ್ಚಿನ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸವನ್ನ ನಿರ್ಬಂಧಿಸಿತು. ನಮ್ಮ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು, ಅದರಲ್ಲೂ ಸೀಸಕ್ಕೆ ಮಿತಿ ಇದೆ. ಸೀಸ ವಿಷ, ಆದ್ರಿಂದ ಒಳ್ಳೇದೇ ಆಯ್ತು. ಆದ್ರೆ ತುದಿಯ ಪಾಲಿಗೆ ಇದು ಕಷ್ಟ ಕಾಲ. ಸೀಸವಿಲ್ಲದ ಸಾಮಾನ್ಯ ಸೋಲ್ಡರಿನಲ್ಲಿ ತವರ 96.5%, ಉಳಿದಿದ್ದು ಬೆಳ್ಳಿ 3%, ತಾಮ್ರ 0.5%. ಹಳೆಯದು 183 ಡಿಗ್ರಿಗೇ ಕರಗೋಕೆ ಶುರುವಾದ್ರೆ ಇದಕ್ಕೆ 217 ಬೇಕು. ತಿನ್ನೋ ತವರವೂ ಜಾಸ್ತಿ, ಬಿಸಿಯೂ ಜಾಸ್ತಿ. ಮೊದಲಿಗಿಂತ ಬೇಗ ತುದಿ ಸಾಯೋಕೆ ಕಾರಣ ಇದು, ಬರೀ ಕಂಪನಿಯವರ ಮೋಸ ಅಲ್ಲ.

ಈಗ ಆ ಅರ್ಧ ನಿಮಿಷದ ಪರೀಕ್ಷೆ. ತುದಿ ಪೂರ್ತಿ ತಣ್ಣಗಿದ್ದಾಗ ಒಂದು ಅಯಸ್ಕಾಂತ ಹಿಡೀರಿ.

ಅಂಟಲಿಲ್ಲ, ಗೀರಿದ ಕಡೆ ಕೆಂಪು ಕಾಣ್ತಿದೆ: ಬರೀ ತಾಮ್ರ. ಹಿರಿಯರು ಹೇಳಿದ್ದೇ ಸರಿ. ತಣ್ಣಗಿರುವಾಗ ಅರ ಹಾಕಿ, ಬಿಸಿಯಾಗ್ತಾ ಬರುವಾಗಲೇ ರೋಸಿನ್ ಇರೋ ಸೋಲ್ಡರ್ ಮುಟ್ಟಿಸಿ.

ಅಂಟಿತು: ಲೇಪ ಇರೋ ತುದಿ. ಅರ, ಮರಳು ಕಾಗದ, ಬ್ಲೇಡ್ ಯಾವುದೂ ಬೇಡ. ಹಿತ್ತಾಳೆ ನಾರಿನಲ್ಲಿ ಚುಚ್ಚಿ ತೆಗೀರಿ. ಹಿತ್ತಾಳೆ ಕಬ್ಬಿಣಕ್ಕಿಂತ ಮೆದು, ಆದ್ರಿಂದ ಲೇಪ ಗೀರಲ್ಲ. ಸ್ಪಂಜ್ ಬಳಸೋದಾದ್ರೆ ಚೆನ್ನಾಗಿ ಹಿಂಡಿದ್ದು ಇರಲಿ. ನೀರು ಸೋರ್ತಿದ್ರೆ ತುದಿ ಒಮ್ಮೆಲೇ ತಣ್ಣಗಾಗಿ ಲೇಪ ಬಿರುಕು ಬಿಡಬಹುದು. ಕಪ್ಪಾಗಿದ್ರೆ ಟಿಪ್ ಟಿನ್ನರ್ ಅನ್ನೋ ಸಣ್ಣ ಡಬ್ಬಿ ಸಿಗುತ್ತೆ. ಅದರೊಳಗೆ ಇರೋದು ಸೋಲ್ಡರ್ ಪುಡಿ ಮತ್ತು ಆಕ್ಸೈಡ್ ತಿನ್ನೋ ರಾಸಾಯನಿಕ, ಅಂದ್ರೆ ನವಸಾಗರದ ಗಟ್ಟಿಯ ಮೊಮ್ಮಗ! ಬಳಸಿದ ಮೇಲೆ ಒರೆಸಿ ಹೊಸ ಸೋಲ್ಡರ್ ಹಾಕಿ.

ಎರಡು ಎಚ್ಚರಿಕೆ. ಸೀಸ ಇರೋ ಸೋಲ್ಡರ್ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಹೊಗೆ ಮೂಗಿಗೆ ಬರದ ಹಾಗೆ ಕೂತ್ಕೊಳ್ಳಿ. ಅಡುಗೆ ಪಾತ್ರೆಗೆ ಕಲಾಯಿ ಹಾಕಿಸೋದಾದ್ರೆ ಶುದ್ಧ ತವರವೇ ಇರಬೇಕು, ಸೀಸ ಬೆರೆತಿದ್ದು ಬೇಡವೇ ಬೇಡ.

ಇಷ್ಟೆಲ್ಲ ಬದಲಾದ ಮೇಲೂ ಒಂದು ಸೂತ್ರ ಮಾತ್ರ ಬದಲಾಗಿಲ್ಲ. ಇದ್ದಿಲ ಒಲೆಯ ಕಾಲದಲ್ಲೂ, ಈವತ್ತಿನ ಡಿಜಿಟಲ್ ಸ್ಟೇಷನ್ ಕಾಲದಲ್ಲೂ ತುದಿಯನ್ನ ಬೆತ್ತಲೆ ಬಿಡಬಾರದು. ಕೆಲಸ ಮುಗೀತು ಅಂತ ಹೊಳೆಯೋ ಹಾಗೆ ಒರೆಸಿ ಇಡೋರೇ ಜಾಸ್ತಿ, ಅದು ಉಲ್ಟಾ. ಒರೆಸಬೇಕಾದ್ದು ಬೆಸುಗೆ ಹಾಕೋಕೆ ಮುಂಚೆ. ಇಡುವಾಗ ಒಂದು ಹನಿ ಸೋಲ್ಡರ್ ತುದಿ ಮೇಲೆ ಕರಗಿಸಿ, ಹಾಗೇ ಬಿಟ್ಟು, ಸ್ವಿಚ್ ಆಫ್ ಮಾಡಿ. ಆ ಹನಿ ತುದಿಯ ಬದಲು ತಾನು ಸುಡುತ್ತೆ.

ನಿಮ್ಮ ತುದಿ ಅಯಸ್ಕಾಂತಕ್ಕೆ ಅಂಟಿತಾ ಇಲ್ವಾ? ನಿಮ್ಮ ಊರಿಗೆ ಕಲಾಯಿಯವರು ಈಗಲೂ ಬರ್ತಾರಾ? ಬರೀರಿ, ಓದ್ತೀನಿ.

#ಬೆಸುಗೆ #ಕಲಾಯಿ #ನವಸಾಗರ #ಸೋಲ್ಡರಿಂಗ್ #ವಸ್ತುಗಳ_ಇತಿಹಾಸ #ಕನ್ನಡ