ಒಬ್ಬರೇ ದುಡಿಯೋರಿಗೆ ಪರಿಚಯವೇ ಬಂಡವಾಳ: ತಾಲ್ಲೂಕಿನಲ್ಲಿ ಬಿಸಿನೆಸ್ ನೆಟ್‌ವರ್ಕಿಂಗ್ ಹೇಗೆ ನಡೆಯುತ್ತೆ?

ಎಲೆಕ್ಟ್ರಿಷಿಯನ್, ಪ್ಲಂಬರ್, ಟೈಲರ್, ಫೋಟೋಗ್ರಾಫರ್, ನಕ್ಷೆ ಬರೆದುಕೊಡೋ ಸಿವಿಲ್ ಎಂಜಿನಿಯರ್, ತೆರಿಗೆ ರಿಟರ್ನ್ ತುಂಬಿಕೊಡೋರು, ಈಗಷ್ಟೇ ಬೋರ್ಡು ಹಾಕಿಕೊಂಡ ವಕೀಲರು. ಇವರ್ಯಾರಿಗೂ ತಿಂಗಳ ಸಂಬಳ ಇಲ್ಲ. ಇವರೆಲ್ಲರ ತಲೆನೋವು ಒಂದೇ: ಈ ತಿಂಗಳು ಕೆಲಸ ಇದೆ, ಮುಂದಿನ ತಿಂಗಳು ಏನು?

ಬಿಸಿನೆಸ್ ನೆಟ್‌ವರ್ಕಿಂಗ್ ಅಂದ್ರೆ ಬೆಂಗಳೂರಿನ ದೊಡ್ಡ ಹೋಟೆಲ್‌ನಲ್ಲಿ ಕೋಟು ಹಾಕಿಕೊಂಡು ವಿಸಿಟಿಂಗ್ ಕಾರ್ಡ್ ಹಂಚೋದು ಅಂತ ತಿಳಿದುಕೊಂಡೋರೇ ಹೆಚ್ಚು. ಅಸಲಿಗೆ ಅದು ಇಷ್ಟೇ. ನೀವು ಇಲ್ಲದ ಜಾಗದಲ್ಲಿ ಯಾರೋ ಒಬ್ಬರು "ಒಳ್ಳೆ ಪ್ಲಂಬರ್ ಯಾರಾದ್ರೂ ಇದ್ದಾರಾ?" ಅಂತ ಕೇಳ್ತಾರೆ. ಆಗ ನಿಮ್ಮ ಹೆಸರು ಹೇಳೋರು ಅಲ್ಲಿ ಇರಬೇಕು.

ಒಂದು ಮನೆ ಕಟ್ಟೋದನ್ನೇ ತಗೊಳ್ಳಿ. ಸೈಟಿನ ಪತ್ರ ನೋಡೋಕೆ ವಕೀಲರು, ನಕ್ಷೆಗೆ ಎಂಜಿನಿಯರ್, ನೀರಿಗೆ ಬೋರ್‌ವೆಲ್ ಏಜೆಂಟ್, ಆಮೇಲೆ ಮೇಸ್ತ್ರಿ, ಕಂಬಿ ಕಟ್ಟೋರು, ಸೆಂಟ್ರಿಂಗ್‌ನೋರು, ಎಲೆಕ್ಟ್ರಿಷಿಯನ್, ಪ್ಲಂಬರ್, ಟೈಲ್ಸ್‌ನೋರು, ಬಡಗಿ, ಪೇಂಟರ್. ಗೃಹಪ್ರವೇಶಕ್ಕೆ ಶಾಮಿಯಾನ, ಅಡುಗೆ ಭಟ್ಟರು, ಫೋಟೋಗ್ರಾಫರ್. ಜೀವಮಾನದಲ್ಲಿ ಒಂದೇ ಸಲ ಮನೆ ಕಟ್ಟೋ ಮಾಲೀಕನಿಗೆ ಇವರೆಲ್ಲ ಎಲ್ಲಿ ಗೊತ್ತಿರ್ತಾರೆ? ಈಗಾಗ್ಲೇ ಕೆಲಸ ಮಾಡ್ತಿರೋನನ್ನೇ ಕೇಳ್ತಾನೆ. ಅಂದ್ರೆ ಈ ಸಾಲಿನಲ್ಲಿ ನಿಮಗಿಂತ ಒಂದು ಹೆಜ್ಜೆ ಮುಂದಿರೋನ ಬಾಯಲ್ಲಿ ನಿಮ್ಮ ಕೆಲಸ ಇದೆ.

ಎಲೆಕ್ಟ್ರಿಷಿಯನ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕಾಂಕ್ರೀಟ್ ಸುರಿಯೋ ಮೊದಲೇ ಸ್ಲ್ಯಾಬಿನೊಳಗೆ ಪೈಪು, ಫ್ಯಾನ್ ಬಾಕ್ಸು ಕೂರಬೇಕು. ಮಾಲೀಕನಿಗೆ ಇದು ನೆನಪಾಗೋದು ಕಂಬಿ ಕಟ್ಟಿ ಮುಗಿಯೋ ಹೊತ್ತಿಗೆ, ಅದೂ ಮೇಸ್ತ್ರಿ ಹೇಳಿದ ಮೇಲೆ. ಅರ್ಜೆಂಟಲ್ಲಿ ಮೇಸ್ತ್ರಿ ಯಾರಿಗೆ ಫೋನ್ ಹಚ್ತಾನೋ ಅವನು ಬರ್ತಾನೆ. ಸ್ಲ್ಯಾಬಿಗೆ ಪೈಪ್ ಹಾಕಿದೋನಿಗೇ ಸಾಮಾನ್ಯವಾಗಿ ಪೂರ್ತಿ ಮನೆಯ ವೈರಿಂಗೂ ಸಿಗುತ್ತೆ. ಇನ್ನು ಹೊಸ ವಿದ್ಯುತ್ ಸಂಪರ್ಕದ ಅರ್ಜಿಗೆ ಲೈಸೆನ್ಸ್ ಇರೋ ಗುತ್ತಿಗೆದಾರರೇ ಬೇಕು. ಲೈಸೆನ್ಸ್ ಇಲ್ಲದ ವೈರಿಂಗ್ ಹುಡುಗ ಅಂಥವರೊಬ್ಬರ ಜೊತೆ ಮೊದಲೇ ಮಾತಾಡಿಕೊಂಡಿರದಿದ್ರೆ ಮನೆ ಮುಗಿದರೂ ದೀಪ ಉರಿಯಲ್ಲ, ಬಾಕಿ ದುಡ್ಡೂ ಬರಲ್ಲ. ಹಾಗಾಗಿ ಹತ್ತು ಜನ ಎಲೆಕ್ಟ್ರಿಷಿಯನ್ ಗೆಳೆಯರಿಗಿಂತ ಇಬ್ಬರು ಮೇಸ್ತ್ರಿ, ಒಬ್ಬ ಗುತ್ತಿಗೆದಾರ, ಒಂದು ಹಾರ್ಡ್‌ವೇರ್ ಅಂಗಡಿ ಗೊತ್ತಿರೋದು ಮೇಲು.

ದೂರದ ಪರಿಚಯದ ಬಲ

ನಮ್ಮಲ್ಲಿ ಬಹಳ ಜನ ಪರಿಚಯ ಅಂದ್ರೆ ಜೊತೆಗೆ ಟೀ ಕುಡಿಯೋ ನಾಲ್ಕು ಜನ ಅಂದುಕೊಂಡಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನ ಬೇರೆ ಮಾತು ಹೇಳುತ್ತೆ. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ಕೇಳಿದಾಗ, ಆಗಾಗ ಸಿಗೋ ಆಪ್ತರಿಂದ ಸುಳಿವು ಸಿಕ್ಕಿದ್ದು ನೂರಕ್ಕೆ ಸುಮಾರು 17 ಜನರಿಗೆ ಮಾತ್ರ. ಉಳಿದವರಿಗೆ ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗೋರಿಂದಲೇ. ಅದು ಸಂಬಳದ ಕೆಲಸದ ಲೆಕ್ಕ, ಆದ್ರೆ ಕಾರಣ ನಮಗೂ ಹೊಂದುತ್ತೆ. ದಿನಾ ಸಿಗೋ ಗೆಳೆಯನಿಗೆ ಗೊತ್ತಿರೋದು ನಿಮಗೆ ಗೊತ್ತಿರೋದಷ್ಟೇ. ಹೊಸ ಸುದ್ದಿ ಬರೋದು ಬೇರೆ ಓಣಿ, ಬೇರೆ ಕಸುಬಿನೋರಿಂದ.

ಫೋಟೋಗ್ರಾಫರ್‌ಗೆ ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಆದ್ರೆ ಹೆಚ್ಚುಕಮ್ಮಿ ಅದೇ ಜೂನ್-ಜುಲೈನಲ್ಲಿ ಶಾಲೆಗಳಿಗೆ ಐಡಿ ಕಾರ್ಡಿನ ಫೋಟೋ ಬೇಕು. ಆ ಮಾತು ಕಲ್ಯಾಣ ಮಂಟಪದ ಗೆಳೆಯರ ಗುಂಪಿನಲ್ಲಿ ಬರಲ್ಲ. ಶಾಲೆಗೆ ಪುಸ್ತಕ, ಯೂನಿಫಾರ್ಮ್ ಹಾಕೋ ಅಂಗಡಿಯಲ್ಲಿ ಬರುತ್ತೆ. ಸುದ್ದಿಗೊಂದು ಅಂತ ದುಡ್ಡು ತಗೊಳ್ಳೋ ನಮ್ಮಂಥ ವರದಿಗಾರರ ಕಥೆಯೂ ಇದೇ. ನಮಗೆ ಸುದ್ದಿ ಕೊಡೋರು ಇನ್ನೊಬ್ಬ ವರದಿಗಾರರಲ್ಲ. ಕೋರ್ಟ್ ಮುಂದಿನ ಜೆರಾಕ್ಸ್ ಅಂಗಡಿಯೋರು, ಆಂಬುಲೆನ್ಸ್ ಡ್ರೈವರ್‌ಗಳು.

ಇದಕ್ಕೆ ಸಂಘಟಿತ ರೂಪವೂ ಇದೆ. ನಾವು ಪೋಲಿಯೊ ಹನಿಯಿಂದ ಗುರುತಿಸೋ ರೋಟರಿ ಹುಟ್ಟಿದ್ದೇ ಹೀಗೆ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಟೈಲರ್ ಸೇರಿದ್ರು. ಸರದಿಯಂತೆ ಒಬ್ಬೊಬ್ಬರ ಆಫೀಸಿನಲ್ಲಿ ಸಭೆ ನಡೆಸುತ್ತಿದ್ದರಿಂದ ಆ ಹೆಸರು ಬಂತು. ಶುರುವಿನಲ್ಲಿ ಸದಸ್ಯರು ಒಬ್ಬರಿಗೊಬ್ಬರು ವ್ಯಾಪಾರ ಕೊಡ್ತಿದ್ರು, ಸಮಾಜಸೇವೆ ಮುಖ್ಯವಾಗಿದ್ದು ಆಮೇಲೆ. ಬರೀ ವ್ಯಾಪಾರದ ರೆಫರಲ್‌ಗೆ ಅಂತಲೇ 1985ರಲ್ಲಿ ಐವಾನ್ ಮಿಸ್ನರ್ ಕ್ಯಾಲಿಫೋರ್ನಿಯಾದಲ್ಲಿ ಬಿಎನ್‌ಐ ಶುರು ಮಾಡಿದ್ರು. ಒಂದು ಶಾಖೆಯಲ್ಲಿ ಒಂದು ಕಸುಬಿಗೆ ಒಬ್ಬರೇ, ವಾರವಾರ ಸಭೆ. ಬೆಂಗಳೂರು, ಮೈಸೂರಿನಲ್ಲಿ ಇದರ ಶಾಖೆಗಳಿವೆ. ಶುಲ್ಕ ಕಟ್ಟಿ ಅಷ್ಟು ದೂರ ಹೋಗೋದು ಸಣ್ಣ ಕಸುಬಿನೋರಿಗೆ ಗಿಟ್ಟಲ್ಲ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಕಸುಬಿಗೊಬ್ಬರಂತೆ ಎಂಟ್ಹತ್ತು ಜನ ವಾರಕ್ಕೊಮ್ಮೆ ದರ್ಶಿನಿಯಲ್ಲಿ ಕೂರೋಕೆ ಯಾರ ಶಾಖೆಯೂ ಬೇಕಿಲ್ಲ. ನೂರಾರು ಜನರ ವಾಟ್ಸಾಪ್ ಗ್ರೂಪು ಇದಕ್ಕೆ ಬದಲಿ ಅಲ್ಲ, ಅಲ್ಲಿ ಶುಭೋದಯದ ಹೂವೇ ಜಾಸ್ತಿ.

ಹೆಸರು ಹೇಳಿದೋನೂ ಜವಾಬ್ದಾರ

ಮೇಸ್ತ್ರಿ ನಿಮ್ಮ ಹೆಸರು ಹೇಳಿದ, ನೀವು ಅಡ್ವಾನ್ಸ್ ತಗೊಂಡು ಹದಿನೈದು ದಿನ ಫೋನ್ ಎತ್ತಲಿಲ್ಲ ಅಂದ್ರೆ ಬೈಗುಳ ತಿನ್ನೋದು ಮೇಸ್ತ್ರಿ. ಸಣ್ಣ ಊರಿನಲ್ಲಿ ಈ ಮಾತು ಸಂತೆ ಮುಗಿಯೋದ್ರೊಳಗೆ ಎಲ್ಲರಿಗೂ ತಲುಪಿರುತ್ತೆ. ಒಪ್ಪಿಕೊಳ್ಳೋಕೆ ಆಗದ ಕೆಲಸ ಬಂದ್ರೆ ಅವತ್ತೇ ಇನ್ನೊಬ್ಬರ ನಂಬರ್ ಕೊಟ್ಟುಬಿಡೋದು ವಾಸಿ.

ಕಮಿಷನ್ ಇನ್ನೊಂದು ತೊಡಕು. ಪೇಂಟ್ ಡಬ್ಬಿಯೊಳಗೆ ಪೇಂಟರಿಗೆ ಅಂತ ಟೋಕನ್ ಬರೋದು ಅಂಗಡಿಯೋರಿಗೆಲ್ಲ ಗೊತ್ತಿರೋ ಗುಟ್ಟು. ಕೆಲಸ ಕೊಡಿಸಿದ್ದಕ್ಕೆ ಪಾಲು ಕೇಳೋ ಪದ್ಧತಿ ಎಲ್ಲ ಕಸುಬಿಗೂ ಬಂದಿದೆ. ಆ ಪಾಲು ಸೇರೋದು ಮಾಲೀಕನ ಬಿಲ್ಲಿಗೇ. ಬಿಲ್ ಜಾಸ್ತಿ ಆದ್ರೆ ಮುಂದಿನ ಸಲ ಅವನು ಇಬ್ಬರನ್ನೂ ಕರೆಯಲ್ಲ. ಕೆಲವು ವೃತ್ತಿಗಳಲ್ಲಂತೂ ಇದಕ್ಕೆ ಅವಕಾಶವೇ ಇಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ವೈದ್ಯರು ಕಮಿಷನ್ ಪಡೆಯೋದನ್ನು ವೈದ್ಯಕೀಯ ನೀತಿ ಸಂಹಿತೆ ನಿಷೇಧಿಸಿದೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಟ್ಟು ಕೇಸು ಹಿಡಿಯೋ ಹಾಗಿಲ್ಲ. ಅವರಿಗೆ ಜನ ತಾವಾಗಿ ಹೇಳೋ ಒಳ್ಳೆ ಮಾತೇ ಗತಿ.

ಪರಿಚಯದ ನಿಜವಾದ ಬೆಲೆ ಗೊತ್ತಾಗೋದು ಹಾಸಿಗೆ ಹಿಡಿದಾಗ. ಒಬ್ಬನೇ ದುಡಿಯೋನು ಏಣಿಯಿಂದ ಬಿದ್ದು ಕಾಲು ಮುರ್ಕೊಂಡ್ರೆ ಅಂಗಡಿಗೆ ಬೀಗ. ಮೂರು ಮನೆ ಅರ್ಧಕ್ಕೆ ನಿಂತಿರುತ್ತೆ, ಗಿರಾಕಿಗಳು ಕಾಯಲ್ಲ. ಅದೇ ಕಸುಬಿನ ಒಬ್ಬರ ಜೊತೆಗಾದ್ರೂ "ನನ್ನ ಕೆಲಸ ನೀನು ಮುಗಿಸು, ನಿನ್ನದು ನಾನು" ಅನ್ನೋ ಮಾತು ಇದ್ರೆ ಗಿರಾಕಿಯೂ ಉಳೀತಾರೆ, ಒಂದಿಷ್ಟು ದುಡ್ಡೂ ಮನೆಗೆ ಬರುತ್ತೆ. ಪ್ರತಿಸ್ಪರ್ಧಿಯ ಜೊತೆ ಮುನಿಸು ಇಟ್ಕೊಂಡೋರಿಗೆ ಈ ದಾರಿ ಇಲ್ಲ.

ಹೇಳಲೇಬೇಕಾದ ಇನ್ನೊಂದು ವಿಷಯ ಇದೆ. ನಮ್ಮ ಊರುಗಳ ಪರಿಚಯ ಜಾತಿ, ಕೇರಿ ನೋಡಿಕೊಂಡೇ ಹರಿಯುತ್ತೆ. ಟೀ ಅಂಗಡಿ ಕಟ್ಟೆಯಲ್ಲಿ ನಡೆಯೋ ಮಾತಿನಲ್ಲಿ ಹೆಂಗಸರು ಇರಲ್ಲ. ಮನೆಯಲ್ಲೇ ಹೊಲಿಯೋ ಟೈಲರ್, ಬ್ಯೂಟಿಷಿಯನ್, ಕೇಕ್ ಮಾಡೋರಿಗೆ ಸ್ತ್ರೀಶಕ್ತಿ ಸಂಘದ ಸಭೆ ಇದೆ. ಆದ್ರೆ ಅಲ್ಲಿ ಮಾತು ಸಾಲದ ಕಂತಿನಲ್ಲೇ ಮುಗಿಯುತ್ತೆ. ಯಾರು ಏನು ಕೆಲಸ ಮಾಡ್ತಾರೆ ಅಂತ ಹತ್ತು ನಿಮಿಷ ಹೇಳಿಕೊಂಡ್ರೂ ಲಾಭ ಇದೆ. ಬಟ್ಟೆ ಅಂಗಡಿಯೋರು ಬ್ಲೌಸ್ ಹೊಲಿಯೋರ ನಂಬರ್ ಕೌಂಟರ್ ಮೇಲೆ ಇಟ್ಟರೆ ಅವರಿಗೂ ಖರ್ಚಿಲ್ಲ.

ಪರಿಚಯ ಬೆಳೆದು ಶಾಲೆ, ಕಾರ್ಖಾನೆ, ಕಂಪನಿ ಕೆಲಸ ಬಂದಾಗ ಕಾಗದ ಕೇಳ್ತಾರೆ. 2020ರ ಜುಲೈ 1ರಿಂದ ಇರೋ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಆಧಾರ್ ಬೇಕು. ಕೆಲಸ ಹಿಡಿಯೋ ಮೊದಲೇ ಮಾಡಿಸಿಕೊಂಡಿದ್ರೆ ಬಾಕಿ ವಸೂಲಿಗೂ ಅನುಕೂಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಗಳ ಬಿಲ್ಲನ್ನು ಬರಹದ ಒಪ್ಪಂದ ಇಲ್ಲದಿದ್ರೆ 15 ದಿನದಲ್ಲಿ, ಇದ್ರೂ ಹೆಚ್ಚೆಂದರೆ 45 ದಿನದಲ್ಲಿ ಪಾವತಿಸಬೇಕು. ತಡವಾದ್ರೆ ಬಡ್ಡಿ ಸೇರುತ್ತೆ, ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಬರೀ ಕೊಂಡು ಮಾರೋ ಅಂಗಡಿಯೋರಿಗೂ ಉದ್ಯಮ್ ನೋಂದಣಿ ಸಿಗುತ್ತೆ, ಆದ್ರೆ ಅವರಿಗೆ ಅದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಈ 45 ದಿನದ ನಿಯಮ ಅನ್ವಯಿಸಲ್ಲ.